‘ಮೆಡೋ’ ಪದದ ಬೇರು ಹಿಡಿಯುವುದು ಹೇಗೆ?

ಇಂಗ್ಲಿಷ್‌ನ ‘ಮೆಡೋ’ ಪದಕ್ಕೆ ನಿಘಂಟು ತೆರೆದರೆ ‘ಹುಲ್ಲುಗಾವಲು’ ಅಂತ ಸಿಗುತ್ತದೆ. ‘ಪಾಶ್ಚರ್’ಗೂ ಅದೇ, ‘ಪ್ರೇರಿ’ಗೂ ಅದೇ. ಅನುವಾದಕ್ಕೆ ಕೂತಾಗ ನನಗೆ ಇದು ಸಾಲುವುದಿಲ್ಲ. ಆ ಹುಲ್ಲನ್ನು ಜನ ಏನು ಮಾಡುತ್ತಿದ್ದರು ಅಂತ ಮೊದಲು ನೋಡುತ್ತೇನೆ.

ಅದಕ್ಕೆ ಕ್ರಿಯಾಪದ ಹುಡುಕಬೇಕು. ಹಳೆಯ ಇಂಗ್ಲಿಷ್‌ನಲ್ಲಿ ‘ಮ್ಯಾಡ್’ ಎಂಬ ಪದವಿತ್ತು. ಹುಲ್ಲು ಕೊಯ್ಯುವುದಕ್ಕೆ ಹೇಳುವ ‘ಮೋ’ ಪದಕ್ಕೆ ಅದು ನೆಂಟ. ಅಂದರೆ ಮೆಡೋ ಮೂಲದಲ್ಲಿ ಕೊಯ್ಲಿನ ಜಾಗ. ವಸಂತದಲ್ಲಿ ದನಗಳನ್ನು ಅಲ್ಲಿಂದ ಹೊರಗಿಟ್ಟು ಹುಲ್ಲು ಬೆಳೆಯಲು ಬಿಡುತ್ತಿದ್ದರು. ಬೇಸಿಗೆಯಲ್ಲಿ ಉದ್ದ ಹಿಡಿಯ ಕುಡುಗೋಲಿನಿಂದ ಕೊಯ್ದು, ಒಣಗಿಸಿ, ಚಳಿಗಾಲದ ಮೇವಿಗೆ ಕೂಡಿಡುತ್ತಿದ್ದರು. ಪಾಶ್ಚರ್ ಹಾಗಲ್ಲ, ಅದು ಮೇಯಿಸುವ ಜಾಗ. ಲ್ಯಾಟಿನ್‌ನಲ್ಲಿ ‘ಪಾಸ್ಕೆರೆ’ ಎಂದರೆ ಮೇಯಿಸು. ಚರ್ಚಿನ ‘ಪಾಸ್ಟರ್’ ಕೂಡ ಅದೇ ಬೇರಿನವರು, ಮೂಲದಲ್ಲಿ ಕುರುಬರೇ!

ಆಮೇಲೆ ಪದದ ರೂಪ ನೋಡಿ. ಇಂಥ ಹುಲ್ಲುನೆಲಕ್ಕೆ ಇಂಗ್ಲಿಷ್‌ನಲ್ಲಿ ‘ಮೀಡ್’ ಎಂಬ ಪದವೂ ಇದೆ. ‘ಮೀಡ್’, ‘ಮೆಡೋ’ ಎರಡೂ ಮೂಲದಲ್ಲಿ ಒಂದೇ ಪದ, ಆ ‘ಮ್ಯಾಡ್’. ‘ಮರ’, ‘ಮರದ’ ಇವೆಯಲ್ಲ, ಹಾಗೆ. ವಿಭಕ್ತಿ ಹತ್ತಿದ ‘ಮ್ಯಾಡ್ವೆ’ ರೂಪವೇ ಮುಂದೆ ಬೇರೆ ಪದವಾಗಿ ‘ಮೆಡೋ’ ಎಂದು ನಿಂತಿತು. ಮೀಡ್ ಈಗ ಜಾಸ್ತಿ ಉಳಿದಿರುವುದು ಊರು-ಜಾಗಗಳ ಹೆಸರಲ್ಲಿ. 1215ರಲ್ಲಿ ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಸನ್ನದಿಗೆ ಇಂಗ್ಲೆಂಡಿನ ದೊರೆ ಜಾನ್ ಒಪ್ಪಿಗೆ ಕೊಟ್ಟ ರನ್ನಿಮೀಡ್, ಥೇಮ್ಸ್ ದಂಡೆಯ ಇಂಥದೇ ಹುಲ್ಲುನೆಲ.

ನೆಂಟರನ್ನೂ ಹುಡುಕಿ, ಮಜಾ ಇರುವುದೇ ಅಲ್ಲಿ. ‘ಆಫ್ಟರ್‌ಮ್ಯಾತ್’ ಎಂದರೆ ಈಗ ದುರಂತದ ನಂತರದ ಸ್ಥಿತಿ, ಅಲ್ವಾ? ಅದರಲ್ಲಿರುವ ‘ಮ್ಯಾತ್’ ಗಣಿತ ಅಲ್ಲವೇ ಅಲ್ಲ, ಹುಲ್ಲಿನ ಕೊಯ್ಲು. ಮೊದಲ ಕೊಯ್ಲಾದ ಮೇಲೆ ಮತ್ತೆ ಚಿಗುರುವ ಹುಲ್ಲಿಗೆ ಆ ಹೆಸರಿತ್ತು. ಸ್ವಿಟ್ಜರ್ಲೆಂಡಿನ ಜೆರ್‌ಮಾಟ್ ಊರಿನ ‘ಮಾಟ್’ ಕೂಡ ಬೆಟ್ಟದ ಹುಲ್ಲುನೆಲವೇ.

ಒಂದು ಕಡೆ ಮಾತ್ರ ಹುಷಾರು. ಜೇನಿನಿಂದ ಮಾಡುವ ಮದ್ಯಕ್ಕೂ ‘ಮೀಡ್’ ಅನ್ನುತ್ತಾರೆ. ಸ್ಪೆಲಿಂಗ್ ಒಂದೇ ಆದರೂ ಬೇರು ಬೇರೆ. ಅದು ಸಂಸ್ಕೃತದ ‘ಮಧು’ವಿನ ಬಳಗ.

ಇನ್ನು ಅನುವಾದ. ಮೆಡೋಗೆ ನಾನು ಸಂದರ್ಭ ನೋಡಿ ‘ಕೊಯ್ಲಿನ ಹುಲ್ಲುನೆಲ’ ಅಂತ ಬರೆಯುತ್ತೇನೆ. ಬರೀ ಹೂವು, ಹುಲ್ಲಿನ ವರ್ಣನೆ ಇದ್ದರೆ ‘ಹುಲ್ಲುಗಾವಲು’ ಸಾಕು. ಪಾಶ್ಚರ್‌ಗೆ ‘ಮೇವಿನ ಬಯಲು’. ಪ್ರೇರಿ ಫ್ರೆಂಚರ ಹುಲ್ಲುಗಾವಲು, ಉತ್ತರ ಅಮೆರಿಕದ ವಿಶಾಲ ಬಯಲಿಗೆ ಅಂಟಿಕೊಂಡ ಹೆಸರು. ಅಲ್ಲಲ್ಲಿ ಮರಗಳಿರುವ ಬಿಸಿನಾಡಿನ ಹುಲ್ಲುಬಯಲಿಗೆ ಹೇಳುವ ‘ಸವಾನಾ’ ಕೆರಿಬಿಯನ್ನಿನ ಟೈನೊ ಭಾಷೆಯಿಂದ ಸ್ಪ್ಯಾನಿಷ್ ಮೂಲಕ ಬಂದದ್ದು. ಇವೆರಡನ್ನು ಸುಮ್ನೆ ಹಾಗೇ ಬಿಡುತ್ತೇನೆ.