ದೀಪ ಆರಿದ ಮೇಲೆ ನಮ್ಮ ಮೀನಿನ ತೊಟ್ಟಿ

ಮೊದಲ ಸಲ ನಮ್ಮ ಕ್ಲೌನ್ ಲೋಚ್ ಮೀನು ಮಗ್ಗುಲಾಗಿ ಬಿದ್ದಿದ್ದನ್ನು ಕಂಡಾಗ ಸತ್ತೇ ಹೋಯಿತು ಅಂದುಕೊಂಡೆ. ರಾತ್ರಿ ಹನ್ನೊಂದು ದಾಟಿತ್ತು. ಮಡಿಕೇರಿಯ ಜುಲೈ ಮಳೆ, ಹೆಂಚಿನ ಮೇಲೆ ಒಂದೇ ಸಮನೆ ಸದ್ದು. ಬೇಜಾರಿನಲ್ಲೇ ಬಲೆ ಇಳಿಸಿದೆ. ಬಲೆ ತಾಗಿದ್ದೇ ತಡ, ಸರ್ರನೆ ಮರದ ತುಂಡಿನ ಅಡಿಗೆ ನುಗ್ಗಿತು. ಆ ಜಾತಿ ಹಾಗೆ ಮಗ್ಗುಲಾಗಿ ಮಲಗುವುದು ಮಾಮೂಲು ಅಂತ ನನಗೆ ಆಮೇಲೆ ಗೊತ್ತಾಯಿತು. ಮಲಗಿದ್ದ ಮೀನನ್ನು ಎಬ್ಬಿಸಿಬಿಟ್ಟೆನಲ್ಲ ಅಂತ ತುಂಬಾ ಸಂಕಟವಾಯಿತು.

ಅಂದಿನಿಂದ ರಾತ್ರಿ ತೊಟ್ಟಿಯ ಮುಂದೆ ಕೂರುವುದು ರೂಢಿಯಾಯಿತು. ನಮ್ಮ ಮೀನುಗಳಿಗೆ ರೆಪ್ಪೆಯಿಲ್ಲ, ಹಾಗಾಗಿ ಕಣ್ಣು ನೋಡಿ ನಿದ್ದೆ ಹೇಳಲಾಗದು. ಕಿವಿರು ನೋಡಬೇಕು. ಮಲಗಿದಾಗ ಅದು ನಿಧಾನವಾಗಿ, ಒಂದೇ ಲಯದಲ್ಲಿ ಆಡುತ್ತದೆ. ನಿಯಾನ್ ಟೆಟ್ರಾಗಳ ನೀಲಿ, ಕೆಂಪು ಎರಡೂ ಮಾಸಿ, ಬೆಳಗ್ಗೆ ಬೆಳಕು ಬಂದ ಮೇಲೆ ಮತ್ತೆ ಏರುತ್ತವೆ. ಗೋಲ್ಡ್‌ಫಿಶ್ ತಳದ ಹತ್ತಿರ ನಿಂತಲ್ಲೇ ತೇಲುತ್ತದೆ. ಬೆಟ್ಟಾ ಅಗಲವಾದ ಎಲೆಯ ಮೇಲೆ ಒರಗುತ್ತದೆ. ಗಾಜಿಗೆ ಅಂಟುವ ಸಕ್ಕರ್ ಮೀನಿನ ಕೆಲಸ ಮಾತ್ರ ಶುರುವಾಗುವುದೇ ಕತ್ತಲಾದ ಮೇಲೆ. ಅದಕ್ಕೆ ದೀಪ ಆರಿಸಿದ ಮೇಲೆಯೇ ತಳಕ್ಕಿಳಿಯುವ ಊಟದ ಗುಳಿಗೆ ಹಾಕುತ್ತೇನೆ.

ತಪ್ಪು ನನ್ನದೇ ಇತ್ತು. ಮಳೆಗಾಲದಲ್ಲಿ ಹಗಲೇ ಮಬ್ಬು ಅಲ್ವಾ, ಬೆಳಗ್ಗೆಯಿಂದ ನಾವು ಮಲಗುವವರೆಗೂ ತೊಟ್ಟಿಯ ದೀಪ ಉರಿಯುತ್ತಿತ್ತು. ಮೀನುಗಳು ಮೂಲೆ ಸೇರುತ್ತಿದ್ದವು, ಗಾಜಿನ ಮೇಲೆ ಪಾಚಿಯೂ ಜಾಸ್ತಿ. ಈಗ ಟೈಮರ್ ಇಟ್ಟು ದಿನಕ್ಕೆ ಎಂಟು ಗಂಟೆ ಮಾತ್ರ ದೀಪ. ಟಿವಿಯ ಬೆಳಕು ಬೀಳದಂತೆ ರಾತ್ರಿ ಮುಂದಿನ ಗಾಜಿಗೆ ಬಟ್ಟೆ ಇಳಿಬಿಡುತ್ತೇನೆ. ಎರಡು ವಾರದಲ್ಲಿ ಟೆಟ್ರಾಗಳು ಮಧ್ಯಕ್ಕೆ ಬಂದು ಗುಂಪಾಗಿ ಈಜತೊಡಗಿದವು. ಫಿಲ್ಟರ್ ಮಾತ್ರ ರಾತ್ರಿಯೂ ನಿಲ್ಲಿಸಬೇಡಿ. ಕತ್ತಲಲ್ಲಿ ಗಿಡಗಳೂ ಆಮ್ಲಜನಕ ಎಳೆದುಕೊಳ್ಳುತ್ತವೆ.

ಒಂದು ಮಳೆಗಾಲ ಎರಡು ದಿನ ಕರೆಂಟ್ ಇರಲಿಲ್ಲ. ಹೀಟರ್ ಸತ್ತು, 26 ಡಿಗ್ರಿ ಇದ್ದ ನೀರು 20ಕ್ಕೆ ಬಂತು. ಹಗಲಲ್ಲೇ ಮೀನುಗಳೆಲ್ಲ ತಳದಲ್ಲಿ. 'ಸುಮ್ನೆ ಬಿಡು, ಮಲಗಿವೆ' ಅಂದರು ಅಮ್ಮ. ಆದರೆ ರೆಕ್ಕೆಗಳು ಮೈಗೆ ಅಂಟಿದ್ದವು, ಊಟ ಹಾಕಿದರೂ ಏಳಲಿಲ್ಲ. ಅದು ನಿದ್ದೆಯಲ್ಲ, ಚಳಿ. ತೊಟ್ಟಿಗೆ ಸುತ್ತಲೂ ಥರ್ಮೊಕೋಲ್ ಕಟ್ಟಿ, ಮೇಲೆ ಕಂಬಳಿ ಹೊದಿಸಿದೆ. ಬ್ಯಾಟರಿಯ ಏರ್ ಪಂಪ್ ಹಾಕಿದೆ. ಬಿಸಿನೀರು ಸುರಿಯಲಿಲ್ಲ, ಒಮ್ಮೆಲೇ ಶಾಖ ಏರಿದರೆ ಅದೂ ಪೆಟ್ಟೇ. ಕರೆಂಟ್ ಬಂದ ಮೇಲೆ ನೀರು ನಿಧಾನವಾಗಿ ಬಿಸಿಯಾಯಿತು, ಒಂದೊಂದೇ ಎದ್ದವು. ಎರಡು ಟೆಟ್ರಾ ಉಳಿಯಲಿಲ್ಲ.

ಮಲಗಿದ ಮೀನು ತುಸು ತಡವಾಗಿಯಾದರೂ ಊಟಕ್ಕೆ ಏಳುತ್ತದೆ. ಕಿವಿರು ಜೋರಾಗಿ ಬಡಿಯುತ್ತಿದ್ದರೆ, ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನಾನು ಬೆಳಗಾಗುವವರೆಗೆ ಕಾಯುವುದಿಲ್ಲ, ಆಗಲೇ ಸ್ವಲ್ಪ ನೀರು ಬದಲಿಸುತ್ತೇನೆ.

ಬೆಳಗ್ಗೆ ಮೊದಲು ಕಿಟಕಿಯ ಪರದೆ ಸರಿಸುತ್ತೇವೆ. ತೊಟ್ಟಿಯ ದೀಪ ಅರ್ಧ ಗಂಟೆ ಬಿಟ್ಟು. ಕತ್ತಲಿಂದ ಒಮ್ಮೆಲೇ ಬೆಳಕು ಬಿದ್ದರೆ ಅವು ಗಾಬರಿಯಾಗಿ ಗಾಜಿಗೆ ಬಡಿದುಕೊಳ್ಳುತ್ತವೆ. ಐದಕ್ಕೇ ಏಳುವ ಅಮ್ಮ ಈಗ ತೊಟ್ಟಿಯಿರುವ ಕೋಣೆಯ ದೀಪದ ಸ್ವಿಚ್ ಮುಟ್ಟುವುದಿಲ್ಲ, ಅಡುಗೆಮನೆಯ ಬೆಳಕಲ್ಲೇ ದಾಟಿ ಹೋಗುತ್ತಾರೆ.