ಓರೆ ಡಬ್ಬಿಯ ಲೇಬಲ್‌ಗೆ ನಾನು ಅಚ್ಚು ತೆಗೆಯುವ ರೀತಿ

ಮೇಲೆ ಅಗಲ, ಕೆಳಗೆ ಕಿರಿದಾದ ಡಬ್ಬಿಗೆ ನೇರ ಪಟ್ಟಿ ಸುತ್ತಿದರೆ ಒಂದು ಅಂಚು ಕೂರುತ್ತದೆ, ಇನ್ನೊಂದು ಎದ್ದು ನಿಲ್ಲುತ್ತದೆ. ಅದಕ್ಕೆ ಕಮಾನಿನಂತೆ ಬಾಗಿದ ಪಟ್ಟಿಯೇ ಬೇಕು. ಆ ಬಾಗನ್ನು ನಾನು ಫ್ರೀಕ್ಯಾಡ್ ಎಂಬ ಕಂಪ್ಯೂಟರ್ ವಿನ್ಯಾಸ ತಂತ್ರಾಂಶದಲ್ಲಿ ಬರೀ ಒಂದು ಸ್ಕೆಚ್‌ನಿಂದ ತೆಗೆಯುತ್ತೇನೆ.

ಮೊದಲು ಒಂದು ನಡುಗೆರೆ. ಅದರ ಒಂದು ಬದಿಗೆ ಡಬ್ಬಿಯ ಅರ್ಧ ಆಕಾರ. ಓರೆ ಗೋಡೆಯ ಗೆರೆಯನ್ನು ನಡುಗೆರೆ ಮುಟ್ಟುವ ತನಕ ಕೆಳಕ್ಕೆ ಎಳೆಯುತ್ತೇನೆ. ಇಡೀ ಕೆಲಸ ನಿಂತಿರುವುದು ಆ ಬಿಂದುವಿನ ಮೇಲೆ. ಅಲ್ಲಿಂದ ಮೇಲಂಚಿಗೆ ಇರುವ ಓರೆ ದೂರವೇ ಹೊರ ಕಮಾನಿನ ತ್ರಿಜ್ಯ, ಕೆಳಂಚಿಗೆ ಇರುವುದು ಒಳ ಕಮಾನಿನದು. ಮೇಲಿನ ವ್ಯಾಸ 90 ಮಿ.ಮೀ., ಕೆಳಗಿನದು 60, ಗೋಡೆಯ ಓರೆ ಉದ್ದ 111 ಅಂದುಕೊಳ್ಳಿ. ತ್ರಿಜ್ಯಗಳು 333 ಮತ್ತು 222 ಬರುತ್ತವೆ. ಕಮಾನಿನ ಕೋನಕ್ಕೆ, ಮೇಲಿನ ವ್ಯಾಸದ ಅರ್ಧವಾದ 45ನ್ನು 333ರಿಂದ ಭಾಗಿಸಿ 360ರಿಂದ ಗುಣಿಸಿದರೆ ಸುಮಾರು 48.65 ಡಿಗ್ರಿ. ಪಕ್ಕದ ಎರಡೂ ಅಂಚು ಅದೇ ಬಿಂದುವಿನ ಕಡೆ ಮುಖ ಮಾಡಿರಬೇಕು. ಅಂಟಿಸಲು ಒಂದು ಬದಿಗೆ 8 ಮಿ.ಮೀ. ಜಾಸ್ತಿ ಬಿಡುತ್ತೇನೆ.

ನಿಜವಾದ ಕಷ್ಟ ಇರುವುದು ಅಳತೆಯಲ್ಲಿ. ಇದೇ ಡಬ್ಬಿಯ ಕೆಳಗಿನ ವ್ಯಾಸವನ್ನು 61 ಎಂದು ಓದಿದರೆ ಹೊರ ತ್ರಿಜ್ಯ 344 ದಾಟುತ್ತದೆ. ಒಂದೇ ಒಂದು ಮಿ.ಮೀ. ವ್ಯತ್ಯಾಸಕ್ಕೆ ಹನ್ನೊಂದು! ಓರೆ ಕಡಿಮೆ ಇದ್ದಷ್ಟೂ ಈ ಕಾಟ ಜಾಸ್ತಿ. ಅದಕ್ಕೇ ನಾನು ವ್ಯಾಸವನ್ನು ನೇರವಾಗಿ ಅಳೆಯುವುದಿಲ್ಲ. ತೆಳುವಾದ ಕಾಗದದ ಪಟ್ಟಿ ಸುತ್ತಿ, ಸೇರುವ ಜಾಗಕ್ಕೆ ಗುರುತು ಹಾಕಿ, ಬಿಡಿಸಿ ಅಳೆದು 3.1416ರಿಂದ ಭಾಗಿಸುತ್ತೇನೆ. ಅಳೆಯುವಾಗ ಆಗುವ ತಪ್ಪೂ ಆಗ ಮೂರನೇ ಒಂದಕ್ಕೆ ಇಳಿಯುತ್ತದೆ. ಲೇಬಲ್ ಚಿಕ್ಕದಾದರೂ ಅಳೆಯುವ ಎರಡು ಜಾಗಗಳು ಆದಷ್ಟು ದೂರ ಇರಲಿ. ಬಾಯಿಯ ದಪ್ಪ ಅಂಚು, ತಳದ ದುಂಡು ಮೂಲೆ ಲೆಕ್ಕಕ್ಕೆ ಬೇಡ.

ಕೆಲವು ವಿನ್ಯಾಸ ತಂತ್ರಾಂಶಗಳ ಶೀಟ್ ಮೆಟಲ್ (ತಗಡು ಕೆಲಸದ) ಸೌಲಭ್ಯದಲ್ಲಿ 3ಡಿ ಮಾದರಿ ಮಾಡಿ ಅದನ್ನು ಚಪ್ಪಟೆಯಾಗಿ ಬಿಡಿಸಬಹುದು, ನಿಜ. ಆದರೆ ಅದಕ್ಕೆ ಗೋಡೆಯಲ್ಲಿ ಒಂದು ಸೀಳು ಬೇಕು, ದಪ್ಪ ಕೊಡಬೇಕು, ಕೆ-ಫ್ಯಾಕ್ಟರ್ (ಬಾಗಿಸುವಾಗ ಹಿಗ್ಗದೆ ಕುಗ್ಗದೆ ಉಳಿಯುವ ಪದರ ದಪ್ಪದಲ್ಲಿ ಎಲ್ಲಿದೆ ಎನ್ನುವ ಅನುಪಾತ) ನೋಡಬೇಕು. ಸಾದಾ ಓರೆ ಡಬ್ಬಿಗೆ ಇಷ್ಟೆಲ್ಲ ಯಾಕೆ ಅಲ್ವಾ? ಬಾಯಿ ಚೌಕ, ತಳ ದುಂಡು ಇದ್ದರೆ ಮಾತ್ರ ನಾನು ಆ ದಾರಿ ಹಿಡಿಯುತ್ತೇನೆ. ಇನ್ನು ಗೋಡೆಯೇ ಉಬ್ಬಿದ್ದರೆ ಯಾವ ಲೆಕ್ಕಕ್ಕೂ ಕಾಗದ ಸುಕ್ಕಿಲ್ಲದೆ ಕೂರುವುದಿಲ್ಲ. ಲೇಬಲ್‌ನ ಎತ್ತರ ಕಡಿಮೆ ಮಾಡಬೇಕು, ಇಲ್ಲವೇ ಹಿಗ್ಗುವ ಫಿಲ್ಮ್ ಬಳಸಬೇಕು.

ಅಕ್ಷರಗಳೂ ಬಾಗಬೇಕು. ಸುಮ್ನೆ ನೇರ ಸಾಲು ಹಾಕಿದರೆ ಡಬ್ಬಿಯ ಮೇಲೆ ನಡುಭಾಗ ಜೋತುಬಿದ್ದಂತೆ ಕಾಣುತ್ತದೆ. ಹೊರ ಕಮಾನಿನ ಕೇಂದ್ರದಿಂದಲೇ ಇನ್ನೊಂದು ಕಮಾನು ಎಳೆದು, ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅಕ್ಷರಗಳನ್ನು ಅದರ ಮೇಲೆ ಕೂರಿಸುತ್ತೇನೆ. ಫೈಲ್‌ನ ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಇಟ್ಟು, ಅಳತೆ 100% ಇಟ್ಟೇ ಪ್ರಿಂಟ್ ತೆಗೆದು, ಸ್ಕೇಲ್ ಹಿಡಿದು ನೋಡುತ್ತೇನೆ. ಆ ಗೆರೆ ಸರಿ ಬಂದ ಮೇಲೇ ಸಾದಾ ಹಾಳೆಯನ್ನು ಕತ್ತರಿಸಿ ಡಬ್ಬಿಗೆ ಸುತ್ತುವುದು.