ಬ್ಯಾಂಕಾಕ್‌ಗೆ ಹೊಸದಾಗಿ ಬಂದವರಿಗೆ: ಒಂದು ಪಾತ್ರೆ ಬೇರೆ ಇಟ್ಟುಕೊಳ್ಳಿ

ವೀಸಾ, 90 ದಿನಕ್ಕೊಮ್ಮೆ ಇಮಿಗ್ರೇಶನ್‌ಗೆ ವಿಳಾಸ ತಿಳಿಸುವುದು, ಇವನ್ನೆಲ್ಲ ಕೆಲಸ ಕೊಟ್ಟವರೇ ಹೇಳಿಕೊಡುತ್ತಾರೆ. ನಾನು ಹೇಳಬೇಕಾದ್ದು ನೂಡಲ್ಸ್ ವಿಷಯ. ತಪ್ಪು ಮಾಡಿದ್ದು ಅಲ್ಲೇ.

ನಮ್ಮಲ್ಲಿ ಮ್ಯಾಗಿ ಅಂದ ಹಾಗೆ ಇಲ್ಲಿ 'ಮಾಮಾ'. ಪ್ಯಾಕೆಟ್‌ಗೆ 7 ಬಾತ್ (ಇಲ್ಲಿನ ಹಣ). ಆದರೂ ಕಾಲೇಜು ಮಕ್ಕಳು ಅದರ ಎಷ್ಟೋ ಪಟ್ಟು ಕೊಟ್ಟು ಕೊರಿಯಾದ್ದನ್ನು ಕೊಳ್ಳುತ್ತಾರೆ. ಸಂಜೆ ಸೆವೆನ್ ಇಲೆವೆನ್‌ಗೆ ಹೋಗಿ ನೋಡಿ, ಬಿಳಿ ಅಂಗಿಯ ಯೂನಿಫಾರಂನಲ್ಲೇ ಬುಲ್ಡಕ್ ಅನ್ನುವ ಕೊರಿಯಾದ ಖಾರದ ನೂಡಲ್ಸ್ ಕಪ್ ಹಿಡಿದು ಬಿಸಿನೀರಿಗೆ ನಿಂತಿರುತ್ತಾರೆ. ಕೊರಿಯಾ ಧಾರಾವಾಹಿ ನೋಡುತ್ತ ಬೆಳೆದವರು. ಕೊರಿಯಾದ ಹಾಡಿನ ತಂಡ ಬ್ಲ್ಯಾಕ್‌ಪಿಂಕ್‌ನ ಲಿಸಾ ಇವರದೇ ನಾಡಿನ ಬುರಿರಾಮ್ ಪ್ರಾಂತ್ಯದ ಹುಡುಗಿ. ಖಾರವಂತೂ ಇವರಿಗೆ ಹುಟ್ಟಿನಿಂದ ಬಂದದ್ದು.

ನನ್ನ ಮಗಳೂ ತಂದಳು, ಮೂವರು ಗೆಳತಿಯರ ಜೊತೆ. ಬುಲ್ಡಕ್ ಅಂದರೆ ಬೆಂಕಿ ಕೋಳಿ ಅಂತ ಕೇಳಿದ್ದೆ. ನನ್ನ ಪಾತ್ರೆಯಲ್ಲಿ ಇದನ್ನು ಬೇಯಿಸಬೇಡಿ ಅಂತ ಕೂಗಿ ಒಲೆ ಆರಿಸಿಬಿಟ್ಟೆ. ಕನ್ನಡ ತಿಳಿಯದಿದ್ದರೂ ಆ ಮಕ್ಕಳಿಗೆ ದನಿ ತಿಳಿಯಿತು. ಕೈಮುಗಿದು, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎಂಟು ತಿಂಗಳು ಯಾರೂ ಬರಲಿಲ್ಲ. ಅಜ್ಜಿ, ಅತ್ತೆ, ಮಾವ ಯಾರೂ ಇಲ್ಲದ ಈ ಊರಲ್ಲಿ ಅವಳಿಗಿದ್ದ ಬಳಗ ಅದೊಂದೇ. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಹಾಗೆ ಮಾಡಬೇಡಿ. ಒಂದು ಪಾತ್ರೆ ಬೇರೆ ಇಡಿ, ಸಾಕು. ಸಸ್ಯಾಹಾರಿಗಳು ನಮ್ಮ ಹಸಿರು ಚುಕ್ಕೆ ಹುಡುಕಬೇಡಿ; ಹಳದಿ ಮೇಲೆ ಕೆಂಪಕ್ಷರದ 'ಜೇ' ಗುರುತು ನೋಡಿ. ಅದಿದ್ದರೆ ಮೀನು, ಮೊಟ್ಟೆ, ಬೆಳ್ಳುಳ್ಳಿ ಕೂಡ ಇರುವುದಿಲ್ಲ. ಕೊರಿಯಾದ್ದರಲ್ಲಿ 'ಸೂನ್' ಅನ್ನುವ ತರಕಾರಿಯದೂ ಇದೆ.

ನಾನೇ ಹೇಳಿಕಳಿಸಿದ ಮೇಲೆ ಆ ಮಕ್ಕಳು ಮತ್ತೆ ಬಂದರು. ಮಗಳು ನೀರು ಬಸಿದು ಎಂಟು ಚಮಚ ಮಾತ್ರ ಉಳಿಸುತ್ತಾಳೆ. ಕಡುಗೆಂಪು ಸಾಸ್ ಹಿಂಡಿ ಅರ್ಧ ನಿಮಿಷ ಕೈಯಾಡಿಸುತ್ತಾಳೆ, ಮೇಲೊಂದು ಚೀಸ್. ನಾಲ್ಕು ಫೋರ್ಕ್, ಒಂದೇ ಬಾಣಲೆ. ಬಾಯಿ ಉರಿದಾಗ 'ಫೆಟ್, ಫೆಟ್' ಅನ್ನುತ್ತಾಳೆ. 'ಖಾರ' ಅನ್ನುವುದು ಯಾವಾಗ ಬಿಟ್ಟಳೋ, ನಾನು ಗಮನಿಸಲಿಲ್ಲ. ಸಂಜೆ ತಿಂಡಿ ಅಂದರೆ ಅವಳಿಗೆ ಒಗ್ಗರಣೆ ಅವಲಕ್ಕಿ ನೆನಪಾಗುವುದಿಲ್ಲ. ಅದು ನನಗೆ ನೋವೇ. ಆದರೆ ಅಡುಗೆಮನೆಯಲ್ಲಿ ಅವಳ ನಗು ಕೇಳಿಸುತ್ತದೆ.

ಮಕ್ಕಳು ಬರುವ ದಿನ ಫ್ರಿಜ್‌ನಲ್ಲಿ ಹಾಲಿರಲಿ. ಆ ಉರಿ ನೀರಿಗೆ ಇಳಿಯುವುದಿಲ್ಲ.